ರೈಲಿನ ಸೀಸನ್ ಟಿಕೆಟ್ಟು: ಯಾರಿಗೆ ಲಾಭ, ಯಾರಿಗೆ ಅಲ್ಲ



ಗೊಬ್ಬರಕ್ಕೆ ಎಷ್ಟಾಯಿತು, ಬಿತ್ತನೆಗೆ ಎಷ್ಟಾಯಿತು, ಆಳಿನ ಕೂಲಿ ಎಷ್ಟು ಎಂಬ ಲೆಕ್ಕ ನಿಮ್ಮಲ್ಲಿ ಇದ್ದೇ ಇರುತ್ತದೆ. ಪುಸ್ತಕದಲ್ಲಿ ಬರೆಯದಿದ್ದರೂ ಬಾಯಿಲೆಕ್ಕವಾದರೂ ಇರುತ್ತದೆ. ಆದರೆ ಮನೆಯವರ ಓಡಾಟಕ್ಕೆ ಹೋದ ತಿಂಗಳು ಎಷ್ಟು ಹಣ ಹೋಯಿತೆಂದು ಕೇಳಿದರೆ ಹೇಳಬಲ್ಲವರು ಕಡಮೆ. ಹತ್ತು, ಇಪ್ಪತ್ತು ಎಂದು ಚಿಲ್ಲರೆಯಾಗಿ ಜೇಬಿನಿಂದ ಜಾರುವ ಹಣ ಕಣ್ಣಿಗೆ ಬೀಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ ಮಾತಿಗೆ ಮಾತು ಬಂದು ಆ ಮನೆಯ ಹುಡುಗಿಯ ಸಂಗತಿ ತಿಳಿಯಿತು. ಎರಡನೆಯ ಪಿಯುಸಿ ಪಾಸಾಗಿ ಅವಳು ಮನೆಯಲ್ಲೇ ಉಳಿದು ಒಂದು ವರ್ಷವಾಗಿತ್ತು. "ಕಾಲೇಜಿನ ಫೀಜು ಹೇಗೋ ಹೊಂದಿಸಬಹುದು ಸ್ವಾಮಿ, ದಿನದ ಚಾರ್ಜು ಎಲ್ಲಿಂದ ತರಲಿ?" ಎಂದರು ತಂದೆ. ಆ ಊರಿಗೆ ಸರ್ಕಾರಿ ಬಸ್ಸು ಬರುವುದು ಒಂದೇ, ಅದೂ ಕಾಲೇಜಿನ ಹೊತ್ತಿಗೆ ಹೊಂದುವುದಿಲ್ಲ. ಉಳಿದುದೆಲ್ಲ ಖಾಸಗಿ ಬಸ್ಸು. ಅವರ ಮನೆಯಿಂದ ರೈಲ್ವೆ ನಿಲ್ದಾಣ ಮಾತ್ರ ಮೂರು ಕಿಲೋಮೀಟರು. ಗಾಡಿಯ ಸದ್ದು ಜಗಲಿಗೇ ಕೇಳಿಸುತ್ತದೆ. ಆ ಹುಡುಗಿಗೆ ಪದವಿ ಮುಗಿಯುವವರೆಗೆ ರೈಲಿನ ತಿಂಗಳ ಪಾಸು ಪುಕ್ಕಟೆಯಾಗಿ ಸಿಗುತ್ತದೆಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ವರ್ಷ ಸುಮ್ಮನೆ ಕಳೆದುಹೋಗಿತ್ತು.

ಆದುದರಿಂದ ಈ ಸಲ ರೈಲಿನ ಸೀಸನ್ ಟಿಕೆಟ್ಟು ಮತ್ತು ರಿಯಾಯಿತಿಗಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ. ರೈಲ್ವೆಯವರು ಕೊಡುವ ರಿಯಾಯಿತಿ ತಾನಾಗಿ ಮನೆಗೆ ಬರುವುದಿಲ್ಲ. ಸರಿಯಾದ ಕಾಗದ ಹಿಡಿದು ಹೋಗಿ, ಪ್ರಯಾಣಕ್ಕೆ ಮೊದಲೇ ಕೇಳಿದವರಿಗೆ ಮಾತ್ರ ಅದು ದೊರೆಯುತ್ತದೆ.

ಸೀಸನ್ ಟಿಕೆಟ್ಟು ಎಂದರೇನು?

ನಮ್ಮ ಜನ ಪಾಸು ಎನ್ನುವುದೂ, ರೈಲ್ವೆಯವರು ಸೀಸನ್ ಟಿಕೆಟ್ಟು ಎನ್ನುವುದೂ ಒಂದೇ. ಎರಡು ನಿಲ್ದಾಣಗಳ ನಡುವೆ ಗೊತ್ತಾದ ಅವಧಿಯವರೆಗೆ ಎಷ್ಟು ಸಲ ಬೇಕಾದರೂ ಹೋಗಿ ಬರಲು ಅದು ಸಲ್ಲುತ್ತದೆ. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ಒಂದು ವರ್ಷಕ್ಕೆ ಹೀಗೆ ನಾಲ್ಕು ಬಗೆ ಉಂಟು. ಸಾಮಾನ್ಯವಾಗಿ 150 ಕಿಲೋಮೀಟರಿನ ಒಳಗಿನ ದೂರಕ್ಕೆ ಕೊಡುತ್ತಾರೆ. ಬೆಂಗಳೂರಿನಿಂದ ಮೈಸೂರು ಸುಮಾರು 139 ಕಿಲೋಮೀಟರಾದುದರಿಂದ ಆ ಎರಡು ಊರುಗಳ ನಡುವೆಯೂ ಪಾಸು ಸಿಗುತ್ತದೆ. ನಡುವಣ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮಾತು ಹೇಳಬೇಕಾದ್ದೇ ಇಲ್ಲ. ತುಮಕೂರು, ಬಂಗಾರಪೇಟೆಗಳಿಂದ ಬೆಂಗಳೂರಿಗೆ ದಿನವೂ ಹೋಗಿ ಬರುವವರು, ಧಾರವಾಡದಿಂದಲೂ ಗದಗಿನಿಂದಲೂ ಹುಬ್ಬಳ್ಳಿಗೆ ಹೋಗುವವರು ಈ ಪಾಸಿನ ಬಲದಿಂದಲೇ ಊರು ಬಿಡದೆ ಸಂಬಳ ತರುತ್ತಿದ್ದಾರೆ. ಹಾಸನದಿಂದ ಬೆಂಗಳೂರಿಗೆ ದೂರ 150ನ್ನು ಮೀರುತ್ತದೆ.

ಎಂಟು ದಿನದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಎರಡನೇ ದರ್ಜೆಯ ತಿಂಗಳ ಪಾಸಿನ ಬೆಲೆ ಸುಮಾರಾಗಿ ಹದಿನೈದು ಬಿಡಿ ಟಿಕೆಟ್ಟುಗಳ ಬೆಲೆ. ಬಿಡಿ ಟಿಕೆಟ್ಟು ಎಂದರೆ ಒಂದು ಕಡೆಗೆ ಮಾತ್ರ ಹೋಗುವ ಸಾಮಾನ್ಯ ಗಾಡಿಯ ಟಿಕೆಟ್ಟು. ನಿಮ್ಮ ಊರಿನಿಂದ ಪಟ್ಟಣಕ್ಕೆ ಅದು 20 ರೂಪಾಯಿ ಎಂದು ಇಟ್ಟುಕೊಳ್ಳಿ. ಆಗ ಪಾಸಿಗೆ 300 ರೂಪಾಯಿಯ ಆಸುಪಾಸು. ಕೌಂಟರಿನಲ್ಲಿ ಐದು ಹತ್ತು ರೂಪಾಯಿ ಹೆಚ್ಚುಕಡಮೆ ಹೇಳಿದರೆ ಗಾಬರಿಯಾಗಬೇಡಿ, ದರವನ್ನು ದುಂಡು ಮಾಡುವ ಪದ್ಧತಿ ಅವರಲ್ಲುಂಟು.

ಒಬ್ಬ ಕೆಲಸಗಾರ ತಿಂಗಳಿಗೆ ಇಪ್ಪತ್ತೈದು ದಿನ ಹೋಗಿ ಬರುತ್ತಾನೆ. ಹೋಗಲು ಇಪ್ಪತ್ತು, ಬರಲು ಇಪ್ಪತ್ತು, ದಿನಕ್ಕೆ 40. ತಿಂಗಳಿಗೆ 1,000 ರೂಪಾಯಿ. ಪಾಸು ತೆಗೆದರೆ 300. ಉಳಿದದ್ದು 700. ವರ್ಷಕ್ಕೆ 8,400 ರೂಪಾಯಿ. ಮನೆಯ ಎಮ್ಮೆಗೆ ಹಿಂಡಿ ತರುವ ಹಣ ಟಿಕೆಟ್ಟಿನ ಕಿಟಕಿಯಲ್ಲಿ ಹೋಗುತ್ತಿತ್ತು ಎಂದಾಯಿತು.

ಆದರೆ ವಾರಕ್ಕೊಮ್ಮೆ ಸಂತೆಗೆ ಹೋಗುವವನು ಪಾಸು ತೆಗೆಯಬೇಕೇ? ಬೇಡ. ಅವನಿಗೆ ತಿಂಗಳಿಗೆ ನಾಲ್ಕು ಅಥವಾ ಐದು ಸಲದ ಓಡಾಟ. ಬಿಡಿ ಟಿಕೆಟ್ಟಿಗೆ 160ರಿಂದ 200 ರೂಪಾಯಿ ಆಗುತ್ತದೆ. 300 ಕೊಟ್ಟು ಪಾಸು ತೆಗೆದರೆ ಅವನಿಗೆ ನಷ್ಟವೇ. ಹದಿನೈದು ಬಿಡಿ ಟಿಕೆಟ್ಟೆಂದರೆ ಏಳೂವರೆ ದಿನದ ಓಡಾಟ. ಹೀಗಾಗಿ ತಿಂಗಳಿನಲ್ಲಿ ಎಂಟು ದಿನ ಅಥವಾ ಅದಕ್ಕಿಂತ ಹೆಚ್ಚು ಹೋಗಿ ಬರುವವರು ಪಾಸು ತೆಗೆಯಬೇಕು, ಅದಕ್ಕಿಂತ ಕಡಮೆ ಹೋಗುವವರು ಬಿಡಿ ಟಿಕೆಟ್ಟನ್ನೇ ಕೊಳ್ಳಬೇಕು. ನಿಮ್ಮ ಊರಿನ ದರ ಇಪ್ಪತ್ತಿರಲಿ, ಮೂವತ್ತಿರಲಿ, ಈ ಎಂಟು ದಿನದ ಲೆಕ್ಕ ಬದಲಾಗುವುದಿಲ್ಲ. ನೀವು ಹತ್ತುವ ಗಾಡಿ ಎಕ್ಸ್‌ಪ್ರೆಸ್ ಆಗಿದ್ದರೆ ಅದರ ಬಿಡಿ ಟಿಕೆಟ್ಟು ಹೆಚ್ಚು ಬೆಲೆಯದು. ಆಗ ಎಂಟು ದಿನಕ್ಕೂ ಮೊದಲೇ ಪಾಸಿನ ಹಣ ಹುಟ್ಟುತ್ತದೆ.

ಮೂರು ತಿಂಗಳ ಪಾಸಿಗೆ ಮೂರು ಪಟ್ಟು ಕೊಡಬೇಕಾಗಿಲ್ಲ. ತಿಂಗಳ ಪಾಸಿನ 2.7 ಪಟ್ಟು ಸಾಕು. ಆರು ತಿಂಗಳಿಗೆ 5.4 ಪಟ್ಟು, ವರ್ಷಕ್ಕೆ 10.8 ಪಟ್ಟು. ನಮ್ಮ ಲೆಕ್ಕದಲ್ಲಿ ಮೂರು ತಿಂಗಳಿಗೆ 810, ಆರು ತಿಂಗಳಿಗೆ 1,620, ವರ್ಷಕ್ಕೆ 3,240 ರೂಪಾಯಿ. ತಿಂಗಳು ತಿಂಗಳೂ ತೆಗೆದರೆ ವರ್ಷಕ್ಕೆ 3,600 ಆಗುತ್ತಿತ್ತು.

ಇದನ್ನು ಕೇಳಿದ ಕೂಡಲೇ ಎಲ್ಲರೂ ವರ್ಷದ ಪಾಸಿಗೆ ಓಡಬಾರದು. ಸಂಬಳದ ನೌಕರಿಯವರಿಗೆ ಅದು ಸರಿ. ಒಕ್ಕಲುಮಕ್ಕಳ ಓಡಾಟ ಹಾಗಲ್ಲ. ಬಿತ್ತನೆ ಬಂದಾಗ, ಸುಗ್ಗಿ ಬಂದಾಗ ಪಟ್ಟಣದ ಕೂಲಿ ಬಿಟ್ಟು ಹೊಲಕ್ಕೆ ನಿಲ್ಲಬೇಕಾಗುತ್ತದೆ. ಅರ್ಧ ಬಳಸಿದ ಪಾಸಿಗೆ ರೈಲ್ವೆಯವರು ಹಣ ಹಿಂದಿರುಗಿಸುವುದಿಲ್ಲ. ಮೂರು ತಿಂಗಳ ಪಾಸಿನಲ್ಲಿ ಮೂರನೆಯ ತಿಂಗಳಿನ ಪಾಲಿಗೆ ಬೀಳುವುದು 210 ರೂಪಾಯಿ, ಎಂದರೆ ಐದು ದಿನದ ಓಡಾಟಕ್ಕಿಂತ ಸ್ವಲ್ಪ ಹೆಚ್ಚು. ಆ ತಿಂಗಳು ಆರು ದಿನವಾದರೂ ಪಟ್ಟಣಕ್ಕೆ ಹೋಗುವುದಿದ್ದರೆ ಮೂರು ತಿಂಗಳದ್ದನ್ನು ತೆಗೆಯಿರಿ. ಸುಗ್ಗಿಯಲ್ಲಿ ಊರು ಬಿಟ್ಟು ಕದಲುವಂತಿಲ್ಲ ಎಂದಿದ್ದರೆ ತಿಂಗಳ ಪಾಸೇ ಮೇಲು.

ನಿಲ್ದಾಣಕ್ಕೆ ಹೋಗುವ ಖರ್ಚನ್ನೂ ಇದರಲ್ಲಿ ಸೇರಿಸಬೇಕು. ನಿಲ್ದಾಣ ಆರು ಕಿಲೋಮೀಟರು ದೂರವಿದ್ದು ದಿನವೂ ಆಟೋಕ್ಕೆ ಕೊಡುವುದಾದರೆ ಪಾಸಿನಲ್ಲಿ ಉಳಿದದ್ದು ಆಟೋದಲ್ಲಿ ಹೋಗುತ್ತದೆ. ಸೈಕಲ್ಲು ಇದ್ದ ಮನೆಗೆ ಈ ತೊಂದರೆ ಇಲ್ಲ. ಹೆಂಗಸರಿಗೆ ಇನ್ನೊಂದು ದಾರಿಯೂ ಉಂಟು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ನಮ್ಮ ರಾಜ್ಯದ ಮಹಿಳೆಯರು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಚಾರ್ಜಿಲ್ಲದೆ ಪ್ರಯಾಣ ಮಾಡಬಹುದು. ಹೊತ್ತಿಗೆ ಸರಿಯಾಗಿ ಅಂಥ ಬಸ್ಸು ಬರುವ ಊರಿನ ಹೆಂಗಸರು ಹಣ ಕೊಟ್ಟು ರೈಲಿನ ಪಾಸು ಕೊಳ್ಳುವುದರಲ್ಲಿ ಅರ್ಥವಿಲ್ಲ. ಬಸ್ಸು ಬಾರದ ಊರಿಗೆ, ಖಾಸಗಿ ಬಸ್ಸೇ ಗತಿಯಾದ ಊರಿಗೆ ಮಾತು ಬೇರೆ.

ಓದುವ ಮಕ್ಕಳಿಗೆ

ಮೊದಲು ಹೇಳಿದ ಹುಡುಗಿಯಂಥವರಿಗಾಗಿ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿರಿ. ಓದು ಬಾರದ ನೆರೆಯವರಿಗೂ ಓದಿ ಹೇಳಿರಿ.

ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೂ, ಗಂಡುಮಕ್ಕಳಿಗೆ ಹನ್ನೆರಡನೆಯ ತರಗತಿ, ಎಂದರೆ ಎರಡನೆಯ ಪಿಯುಸಿಯವರೆಗೂ, ಮನೆಗೂ ವಿದ್ಯಾಶಾಲೆಗೂ ನಡುವೆ ಎರಡನೇ ದರ್ಜೆಯ ತಿಂಗಳ ಪಾಸು ಉಚಿತ. ಮದರಸದಲ್ಲಿ ಓದುವ ಹುಡುಗರಿಗೂ ಇದು ಸಲ್ಲುತ್ತದೆ. ಇದರಿಂದಾಚೆಗೆ ಓದುವ ವಿದ್ಯಾರ್ಥಿಗಳಿಗೆ, ಉದಾಹರಣೆಗೆ ಪದವಿಗೆ ಸೇರಿದ ಹುಡುಗರಿಗೆ, ಪಾಸು ಅರ್ಧ ಬೆಲೆಗೆ ಸಿಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳು ಕಾಲು ಭಾಗ ಕೊಟ್ಟರೆ ಸಾಕು. ವಯಸ್ಸಿನ ಮಿತಿ ಸಾಮಾನ್ಯವಾಗಿ 25 ವರ್ಷ; ಪರಿಶಿಷ್ಟರಿಗೆ 27. ನಮ್ಮ ಲೆಕ್ಕದ 300 ರೂಪಾಯಿಯ ಪಾಸು ಹೀಗೆ ಒಬ್ಬ ಹುಡುಗನಿಗೆ 150ಕ್ಕೆ, ಇನ್ನೊಬ್ಬನಿಗೆ 75ಕ್ಕೆ ಬರುತ್ತದೆ.

ಇದಕ್ಕೆ ಬೇಕಾದುದು ಶಾಲೆಯ ಮುಖ್ಯೋಪಾಧ್ಯಾಯರು ಅಥವಾ ಕಾಲೇಜಿನ ಪ್ರಿನ್ಸಿಪಾಲರು ಸಹಿ ಮಾಡಿ ಮೊಹರು ಹಾಕಿ ಕೊಡುವ ಪತ್ರ. ವಿದ್ಯಾರ್ಥಿಯ ಹುಟ್ಟಿದ ತಾರೀಖು, ಮನೆಗೆ ಹತ್ತಿರದ ನಿಲ್ದಾಣ, ಶಾಲೆಗೆ ಹತ್ತಿರದ ನಿಲ್ದಾಣ ಇವು ಅದರಲ್ಲಿ ಸ್ಪಷ್ಟವಾಗಿರಬೇಕು. ನಿಲ್ದಾಣದ ಹೆಸರು ತಪ್ಪಿದರೆ ಕಾಗದ ಹಿಂದಕ್ಕೆ ಬರುತ್ತದೆ. ಕಾಲೇಜಿಗೆ ಸೇರಿಸಿದ ದಿನವೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಆಫೀಸಿನಲ್ಲಿ ನಾಳೆ ಬಾ ಎಂದರೆ ನಾಳೆ ಹೋಗಿ, ಬಿಡಬೇಡಿ.

ಊರಿನ ಮಾಸ್ತರರಿಗೂ ಒಂದು ಮಾತು. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವಾಗ ಎರಡನೇ ದರ್ಜೆಯ ದರದಲ್ಲಿ ನೂರಕ್ಕೆ 75 ರಿಯಾಯಿತಿ ಇದೆ. ಹಳ್ಳಿಯ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳು ವೈದ್ಯಕೀಯ, ಎಂಜಿನಿಯರಿಂಗ್ ಮುಂತಾದ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗೆ ಹೋಗುವಾಗಲೂ ಅಷ್ಟೇ ರಿಯಾಯಿತಿ. ಬಸ್ಸು ಗೊತ್ತುಮಾಡುವ ಮೊದಲು ಇದನ್ನು ನೆನೆಯಬೇಕು.

ಆಸ್ಪತ್ರೆಗೆ ಹೋಗುವವರಿಗೆ

ಮನೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಔಷಧದ ಖರ್ಚಿನ ಜೊತೆಗೆ ಓಡಾಟದ ಖರ್ಚೂ ಹೊಲವನ್ನು ಅಡವಿಡಿಸುತ್ತದೆ. ಹಾವೇರಿಯ ಕಡೆಯ ಒಬ್ಬ ರೈತರು ಕ್ಯಾನ್ಸರಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತಿದ್ದಾರೆಂದು ಭಾವಿಸಿ. ಅವರು ಒಬ್ಬರೇ ಹೋಗಲಾರರು, ಜೊತೆಗೆ ಮಗ ಬೇಕು. ಒಂದು ಸಲ ಹೋಗಿ ಮುಗಿಯುವುದೂ ಇಲ್ಲ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಮೂಲ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ಮಾಫಿ. ಎರಡನೇ ದರ್ಜೆಯಲ್ಲಿ ಹೋದರೆ ಇಬ್ಬರಿಗೂ ನೂರಕ್ಕೆ 75. ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ, ಮೂತ್ರಪಿಂಡದ ಕಸಿಗೂ ಡಯಾಲಿಸಿಸ್ಸಿಗೂ ಹೋಗುವವರಿಗೆ, ಕ್ಷಯರೋಗಿಗಳಿಗೆ, ಅವರ ಜೊತೆಗಿರುವ ಒಬ್ಬರಿಗೆ ಎರಡನೇ ದರ್ಜೆಯಲ್ಲೂ ಸ್ಲೀಪರಿನಲ್ಲೂ ನೂರಕ್ಕೆ 75 ರಿಯಾಯಿತಿ ಉಂಟು.

ರಿಯಾಯಿತಿ ಮೂಲ ದರಕ್ಕೆ ಮಾತ್ರ. ಸ್ಥಳ ಕಾದಿರಿಸುವ ಶುಲ್ಕ ಮೊದಲಾದುವನ್ನು ಪೂರ್ತಿ ಕೊಡಬೇಕು. ಆಸ್ಪತ್ರೆಯ ವೈದ್ಯರು ರೈಲ್ವೆಯ ನಮೂನೆಯಲ್ಲಿ ಬರೆದು ಸಹಿ, ಮೊಹರು ಹಾಕಿದ ಪತ್ರವನ್ನು ಟಿಕೆಟ್ಟು ಕೊಳ್ಳುವಾಗಲೇ ಕೌಂಟರಿನಲ್ಲಿ ಕೊಡತಕ್ಕದ್ದು. ಪೂರ್ತಿ ಹಣ ಕೊಟ್ಟು ಟಿಕೆಟ್ಟು ಕೊಂಡು, ಗಾಡಿಯಲ್ಲಿ ಕುಳಿತ ಮೇಲೆ ಪತ್ರ ತೋರಿಸಿದರೆ ಪ್ರಯೋಜನವಿಲ್ಲ. ಆದ್ದರಿಂದ ಮುಂದಿನ ಸಲದ ತಪಾಸಣೆಗೆ ಬೇಕಾದ ಪತ್ರವನ್ನು ಈ ಸಲ ಆಸ್ಪತ್ರೆ ಬಿಡುವಾಗಲೇ ಬರೆಸಿಕೊಂಡು ಬನ್ನಿ. ಇದನ್ನು ತಿಳಿಯದೆ ಮೊದಲ ಎರಡು ಮೂರು ಪ್ರಯಾಣ ಪೂರ್ತಿ ಹಣ ಕೊಟ್ಟವರೇ ಹೆಚ್ಚು.

ಅಂಧರು, ಜೊತೆಯಿಲ್ಲದೆ ಓಡಾಡಲಾರದ ಅಂಗವಿಕಲರು, ಬುದ್ಧಿ ಬೆಳವಣಿಗೆ ಕುಂಠಿತವಾದವರು ಇವರಿಗೂ ಎರಡನೇ ದರ್ಜೆ, ಸ್ಲೀಪರುಗಳಲ್ಲಿ ನೂರಕ್ಕೆ 75, ಸೀಸನ್ ಟಿಕೆಟ್ಟಿನಲ್ಲಿ ಅರ್ಧ ರಿಯಾಯಿತಿ ಉಂಟು. ಕಿವಿಯೂ ಕೇಳದೆ ಮಾತೂ ಬಾರದವರಿಗೆ ಪ್ರಯಾಣದ ದರದಲ್ಲಿ ಅರ್ಧ. ಇವರಿಗೆ ರೈಲ್ವೆಯವರೇ ಭಾವಚಿತ್ರವಿರುವ ಗುರುತಿನ ಕಾರ್ಡು ಕೊಡುತ್ತಾರೆ. ಒಮ್ಮೆ ಅದನ್ನು ಮಾಡಿಸಿಕೊಂಡರೆ ಅದರ ಅವಧಿ ಮುಗಿಯುವ ತನಕ ಪ್ರತಿ ಸಲವೂ ಸರ್ಟಿಫಿಕೇಟಿನ ಕಟ್ಟು ಹೊರುವ ಕಷ್ಟ ತಪ್ಪುತ್ತದೆ.

ಈಗ ಇಲ್ಲದ ರಿಯಾಯಿತಿಗಳು

ಕೆಲವು ಹಳೆಯ ರಿಯಾಯಿತಿಗಳನ್ನು ಜನ ಇನ್ನೂ ನಂಬಿದ್ದಾರೆ. 60 ವರ್ಷ ತುಂಬಿದ ಗಂಡಸರಿಗೆ ನೂರಕ್ಕೆ 40, 58 ತುಂಬಿದ ಹೆಂಗಸರಿಗೆ ನೂರಕ್ಕೆ 50 ಎಂದು ಹಿರಿಯರಿಗೆ ರಿಯಾಯಿತಿ ಇತ್ತು. ಕೃಷಿ ವಸ್ತುಪ್ರದರ್ಶನಕ್ಕೆ ಹೋಗುವ ರೈತರಿಗೆ ನೂರಕ್ಕೆ 25, ಉತ್ತಮ ಬೇಸಾಯ ಹಾಗೂ ಹೈನುಗಾರಿಕೆ ಕಲಿಯಲು ರಾಷ್ಟ್ರಮಟ್ಟದ ಸಂಸ್ಥೆಗಳಿಗೆ ಹೋಗುವ ರೈತರಿಗೂ ಹಾಲು ಉತ್ಪಾದಕರಿಗೂ ಅರ್ಧ ರಿಯಾಯಿತಿ ಇತ್ತು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 20ರಿಂದ, ಇವನ್ನೆಲ್ಲ ನಿಲ್ಲಿಸಿದರು. ವಿದ್ಯಾರ್ಥಿಗಳು, ರೋಗಿಗಳು, ಅಂಗವಿಕಲರು ಈ ಮೂರು ಗುಂಪಿನವುಗಳನ್ನು ಮಾತ್ರ ಉಳಿಸಿಕೊಂಡರು. ನಿಲ್ಲಿಸಿದವು ಈ ಲೇಖನ ಬರೆಯುವ ಹೊತ್ತಿನವರೆಗೂ ಮರಳಿ ಬಂದಿಲ್ಲ. ರೈತರ ರಿಯಾಯಿತಿ ನಿಂತದ್ದು ನಮಗೆ ಸರಿಕಾಣುವುದಿಲ್ಲ. ಆದರೆ ಇಲ್ಲದ್ದನ್ನು ಇದೆ ಎಂದು ನಂಬಿ ಅರ್ಧ ಹಣ ಹಿಡಿದು ನಿಲ್ದಾಣಕ್ಕೆ ಹೋಗಬೇಡಿ. ಕೃಷಿಮೇಳಕ್ಕೆ ಅರ್ಧ ಚಾರ್ಜಿನಲ್ಲಿ ಟಿಕೆಟ್ಟು ಮಾಡಿಸಿಕೊಡುತ್ತೇನೆಂದು ಯಾರಾದರೂ ಕಮಿಷನ್ನು ಕೇಳಿದರೆ ಕೊಡಬೇಡಿ. ಮುದುಕರಿಗೆ ಉಳಿದಿರುವ ಅನುಕೂಲವೆಂದರೆ, ಸ್ಥಳ ಕಾದಿರಿಸುವಾಗ ನಿಜವಾದ ವಯಸ್ಸನ್ನು ಬರೆದರೆ, ಖಾಲಿ ಇದ್ದಲ್ಲಿ ಕೆಳಗಿನ ಬರ್ತನ್ನು ಅವರಿಗೆ ಮೊದಲು ಕೊಡುವುದು. 45 ತುಂಬಿದ ಹೆಂಗಸರಿಗೂ ಈ ಸೌಲಭ್ಯವಿದೆ.

ದಂಡ ಬೀಳದಂತೆ

ಪಾಸು ಒಬ್ಬರ ಹೆಸರಿನದು. ಅಣ್ಣ ಹೊಲಕ್ಕೆ ನಿಂತ ದಿನ ಅವನ ಪಾಸನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೊರಡುವುದು ನಮ್ಮ ಕಡೆ ನಡೆಯುತ್ತದೆ. ಒಂದೇ ಮನೆ, ಒಂದೇ ಹಣ, ಇದರಲ್ಲಿ ತಪ್ಪೇನು ಎಂದು ಅವರಿಗೆ ತೋರುವುದು ಸಹಜ. ಕಾನೂನಿಗೆ ಹಾಗೆ ತೋರುವುದಿಲ್ಲ. 1989ರ ರೈಲ್ವೆ ಕಾಯಿದೆಯಂತೆ ತಮ್ಮ ಟಿಕೆಟ್ಟಿಲ್ಲದ ಪ್ರಯಾಣಿಕನಾಗುತ್ತಾನೆ. ಪ್ರಯಾಣದ ದರವನ್ನೂ, ಅದರ ಮೇಲೆ ಕಡಮೆಯೆಂದರೆ 250 ರೂಪಾಯಿಯನ್ನೂ ಕೊಡಬೇಕು. ಪಾಸೂ ಕೈಬಿಟ್ಟು ಹೋಗಬಹುದು. ಒಂದು ದಿನದ 40 ರೂಪಾಯಿ ಉಳಿಸಲು ಹೋಗಿ ತಿಂಗಳ ಉಳಿತಾಯವನ್ನೆಲ್ಲ ಕಳೆದುಕೊಂಡಂತೆ.

ಕಾದಿರಿಸಿದ ಡಬ್ಬಿಗೆ ಪಾಸಿನವರು ಹತ್ತಕೂಡದು. ಸೂಪರ್‌ಫಾಸ್ಟ್ ಗಾಡಿಗೆ ಬರಿಯ ಪಾಸು ಸಾಲದು. ಎರಡನೇ ದರ್ಜೆಗೆ ಒಂದು ಸಲಕ್ಕೆ 15 ರೂಪಾಯಿ ಹೆಚ್ಚುವರಿ ಶುಲ್ಕ ಕಟ್ಟಬೇಕು. ಅದು ಸೂಪರ್‌ಫಾಸ್ಟ್ ಎಂದು ತಿಳಿಯುವುದು ಹೇಗೆ? ಗಾಡಿಯ ಐದಂಕಿಯ ಸಂಖ್ಯೆ 12, 20 ಅಥವಾ 22ರಿಂದ ಆರಂಭವಾದರೆ ಸಾಮಾನ್ಯವಾಗಿ ಅದು ಆ ಜಾತಿಯದು. ದಿನವೂ ಅಂಥ ಗಾಡಿಯಲ್ಲೇ ಹೋಗಬೇಕಾದವರು ಪಾಸು ಮಾಡಿಸುವಾಗಲೇ ತಿಂಗಳ ಹೆಚ್ಚುವರಿ ಶುಲ್ಕವನ್ನೂ ಕೇಳಿ ಕಟ್ಟಬಹುದು.

ಪಾಸು ಆಳಿಗೆ, ಮೂಟೆಗೆ ಅಲ್ಲ. ಎರಡನೇ ದರ್ಜೆಯ ಬಿಡಿ ಟಿಕೆಟ್ಟಿನವರು 35 ಕಿಲೋ ಸಾಮಾನನ್ನು ಚಾರ್ಜಿಲ್ಲದೆ ಒಯ್ಯಬಹುದು. ಪಾಸಿನವರಿಗೆ ಅದಕ್ಕಿಂತ ಬಹಳ ಕಡಮೆ. ದಿನವೂ ಸೊಪ್ಪಿನ ಮೂಟೆ, ಹಾಲಿನ ಕ್ಯಾನು ಒಯ್ಯುವವರು ಮೊದಲೇ ಸ್ಟೇಷನ್ ಮಾಸ್ತರರೊಡನೆ ಮಾತನಾಡಿ, ಸಾಮಾನಿಗೆ ತಕ್ಕ ಚೀಟಿ ಮಾಡಿಸಿಕೊಂಡೇ ಹೊರಡತಕ್ಕದ್ದು.

ಮಕ್ಕಳ ಟಿಕೆಟ್ಟಿನಲ್ಲಿಯೂ ತಿಳಿಯದೆ ಹಣ ಹೋಗುತ್ತದೆ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತು ಬೇಡವೆಂದರೆ ಟಿಕೆಟ್ಟೇ ಬೇಕಿಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಸಾಮಾನ್ಯ ಡಬ್ಬಿಯಲ್ಲಿ ಅರ್ಧ. ಸ್ಲೀಪರಿನಲ್ಲಿ ಆ ವಯಸ್ಸಿನ ಮಗುವಿಗೆ ಬೇರೆ ಬರ್ತು ಕೇಳಿದರೆ, 2016ರ ಏಪ್ರಿಲಿನಿಂದ, ದೊಡ್ಡವರ ದರವೇ. ತಾಯಿಯ ಪಕ್ಕದಲ್ಲಿ ಮಲಗುವ ಮಗುವಾದರೆ ಬರ್ತು ಬೇಡವೆಂದು ಫಾರಮ್ಮಿನಲ್ಲಿ ಗುರುತು ಹಾಕಿ. ಅರ್ಧ ದರ ಸಾಕು.

ಪಾಸು ಮಾಡಿಸಲು ಹೋಗುವಾಗ

ಭಾವಚಿತ್ರವಿರುವ ಗುರುತಿನ ಚೀಟಿ ಬೇಕು. ಅದರ ಸಂಖ್ಯೆಯನ್ನು ಪಾಸಿನ ಮೇಲೆ ನಮೂದಿಸುತ್ತಾರೆ. ಪ್ರಯಾಣದಲ್ಲಿ ಎರಡೂ ಜೊತೆಗಿರಬೇಕು. ಅವಧಿ ಮುಗಿಯುವ ಹತ್ತು ದಿನ ಮೊದಲೇ ಮುಂದಿನದಕ್ಕೆ ಹಣ ಕಟ್ಟಬಹುದು. ಕೊನೆಯ ದಿನಕ್ಕೆ ಬಿಟ್ಟು, ಮರೆತು, ದಂಡ ತೆರುವುದು ಬೇಡ. ಮೊಬೈಲು ಬಲ್ಲ ಹುಡುಗರು ಮನೆಯಲ್ಲಿದ್ದರೆ, 2025ರ ಜುಲೈನಲ್ಲಿ ರೈಲ್ವೆಯವರು ಹೊರತಂದ ರೈಲ್‌ವನ್ ಎಂಬ ಆ್ಯಪಿನಲ್ಲೂ ಸೀಸನ್ ಟಿಕೆಟ್ಟು ತೆಗೆಯಬಹುದು. ಆಗ ಪಾಸು ಮೊಬೈಲಿನಲ್ಲೇ ಇರುವುದರಿಂದ ಬ್ಯಾಟರಿ ಮುಗಿಯದಂತೆ ನೋಡಿಕೊಳ್ಳಬೇಕು. ವಿದ್ಯಾರ್ಥಿಯ ಪಾಸಿಗೆ ಪತ್ರ ಹಿಡಿದು ಕೌಂಟರಿಗೇ ಹೋಗಿ.

ನಿಮ್ಮ ಊರಿನದು ಸಣ್ಣ ಹಾಲ್ಟಾಗಿದ್ದು ಅಲ್ಲಿ ಕೆಲಸ ಆಗದಿದ್ದರೆ ಹತ್ತಿರದ ದೊಡ್ಡ ಸ್ಟೇಷನ್ನಿನಲ್ಲಿ ವಿಚಾರಿಸಿ. ಬೆಳಗಿನ ಗಾಡಿಯ ಹೊತ್ತಿನಲ್ಲಿ ಕಿಟಕಿಯ ಮುಂದೆ ನಿಂತು ಇದನ್ನೆಲ್ಲ ಕೇಳಬೇಡಿ. ಹಿಂದೆ ಸಾಲಿನಲ್ಲಿ ನಿಂತವರೂ ಬೈಯುತ್ತಾರೆ, ಗುಮಾಸ್ತರಿಗೂ ಹೇಳಲು ಪುರಸೊತ್ತಿರುವುದಿಲ್ಲ. ಮಧ್ಯಾಹ್ನ, ಎರಡು ಗಾಡಿಗಳ ನಡುವೆ ಬಿಡುವಿರುವಾಗ ಹೋದರೆ ನಿಮ್ಮ ನಿಲ್ದಾಣದ ಸರಿಯಾದ ದರವನ್ನು ಕಾಗದದ ಮೇಲೆ ಬರೆಸಿಕೊಂಡು ಬರಬಹುದು.